ಅನುಮತಿ ಪಟ್ಟಿಯಲ್ಲಿ ನನ್ನ ಹೆಸರು

ಕೊಳ್ಳೇಗಾಲದಲ್ಲಿ ರೇಷ್ಮೆ ನೇಕಾರರ ಸಣ್ಣ ಸಂಘವೊಂದರ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಸೀರೆಗಳ ಅಂಚು, ಸೆರಗಿನ ಚಿತ್ರಗಳೆಲ್ಲ ಅಲ್ಲಿನ ಸರ್ವರಿನಲ್ಲಿವೆ. ಅವನ್ನು ಬರೆಯುತ್ತಿದ್ದವಳು ಹೊನ್ನೂರಿನವಳು, ನನ್ನ ಗೆಳತಿ. ಹೋದ ಮಳೆಗಾಲದಲ್ಲಿ ಜ್ವರ ಬಂದು ನಾಲ್ಕೇ ದಿನಕ್ಕೆ ತೀರಿಕೊಂಡಳು. ಕೆಲವು ವಾರ ಬಿಟ್ಟು ಅವಳ ಲಾಗಿನ್ ಅಳಿಸಿದೆ. 

ಆ ಜಾಗಕ್ಕೆ ಮಾರ್ಟಳ್ಳಿಯ ಹುಡುಗಿ ಬಂದಳು. ಹೊಸ ಲಾಗಿನ್ ಕೊಟ್ಟ ಬೆಳಿಗ್ಗೆಯೇ ಕರೆದಳು.

“ಅಕ್ಕಾ, ನಾನಿನ್ನೂ ಏನೂ ಮಾಡ್ನೇ ಇಲ್ಲ. ಇಲ್ಲೊಂದು ಫೋಲ್ಡರ್ ನಂದೇ ಅಂತ ತೋರುಸ್ತದೆ. ಒಳಗೆ ಅರ್ಧ ಬರ್ದಿರೋ ಅಂಚುಗಳವೆ.”

ಕಾರಣ ನನಗೆ ಗೊತ್ತಿತ್ತು. ಕಂಪ್ಯೂಟರಿಗೆ ನಾವೆಲ್ಲ ಒಂದೊಂದು ಸಂಖ್ಯೆ. ಗೆಳತಿಯ ಖಾಲಿಯಾದ ಸಂಖ್ಯೆಯೇ ಈ ಹುಡುಗಿಗೆ ಬಂದಿತ್ತು. ಪ್ರತಿ ಫೈಲಿಗೂ ಯಾರು ತೆರೆಯಬಹುದೆಂಬ ಪಟ್ಟಿ ಇರುತ್ತದೆ. ಕರ್ನಲ್, ಅಂದರೆ ವ್ಯವಸ್ಥೆಯ ತೀರ ಒಳಗಿನ ಭಾಗ, ಪಟ್ಟಿ ಕ್ರಮವಾಗಿದೆಯೇ, ಸಂಖ್ಯೆ ತಾಳೆಯಾಗುತ್ತದೆಯೇ ಎಂದಷ್ಟೇ ಪರೀಕ್ಷಿಸುತ್ತದೆ. ಆ ಸಂಖ್ಯೆಯವರು ಬದುಕಿದ್ದಾರೆಯೇ ಎಂದು ಕೇಳುವುದಿಲ್ಲ.

ಸರಿಪಡಿಸಲೆಂದು ಆ ಫೋಲ್ಡರಿನ ಪಟ್ಟಿ ನೋಡಿದೆ. ಸಂಘದ ಎಲ್ಲರಿಗೂ ಓದುವ ಅನುಮತಿ ಇತ್ತು. ಒಂದೇ ಒಂದು ಹೆಸರು ಮಾತ್ರ ಬೇರೆಯಾಗಿ ನಮೂದಾಗಿತ್ತು, ನನ್ನದು. ಮುಂದೆ ಮೂರು ಅಡ್ಡಗೀಟು. ಓದುವಂತಿಲ್ಲ, ಬರೆಯುವಂತಿಲ್ಲ, ಒಳಗೆ ಕಾಲಿಡುವಂತಿಲ್ಲ.

ಹಾಗೆ ಬೀಗ ಹಾಕುವುದನ್ನು ಗೆಳತಿಗೆ ಕಲಿಸಿದವಳು ನಾನೇ.

ಒಮ್ಮೆ ಅವಳ ಅರ್ಧಂಬರ್ಧ ಅಂಚನ್ನು ಕೇಳದೆಯೇ ಸಂಘದ ಕಾರ್ಯದರ್ಶಿಗೆ ತೋರಿಸಿದ್ದೆ, ಹೊಗಳಲಿ ಎಂದು. “ಇದೇನವ್ವ, ನವಿಲಾ, ಬದ್ನೆಕಾಯಾ?” ಎಂದು ಅವರು ನಕ್ಕಿದ್ದರು. ಅವಳೂ ನಕ್ಕಿದ್ದಳು. ಮಾರನೆಯ ದಿನ ಎಂದಿನಂತೆ ನನಗೂ ಚಿತ್ರಾನ್ನ ತಂದಿದ್ದಳು.

ಮುಖ್ಯ ಪಾಸ್‌ವರ್ಡ್ ಹಾಕಿದರೆ ಫೋಲ್ಡರ್ ತೆರೆಯುತ್ತಿತ್ತು. ಹಾಕಲಿಲ್ಲ. ನನ್ನ ಲಾಗಿನ್ನಿನಿಂದಲೇ ಒಮ್ಮೆ ತಟ್ಟಿದೆ. ಅನುಮತಿ ಇಲ್ಲ ಎಂದಿತು. 

ಹುಡುಗಿಯ ಕೈಲೇ ಆ ಚಿತ್ರಗಳನ್ನು ಪ್ರಿಂಟ್ ತೆಗೆಸಿ, ಲಕೋಟೆ ಅಂಟಿಸಿ, ಭಾನುವಾರ ಯಳಂದೂರಿಗೆ ಬಸ್ಸು ಹತ್ತಿದೆ. ಅಲ್ಲಿಂದ ಆಟೋದಲ್ಲಿ ಹೊನ್ನೂರು. ಗೆಳತಿಯ ತಾಯಿ ಜಗಲಿಯ ಮೇಲೆ ಒಂದೊಂದೇ ಹಾಳೆ ಹರಡಿಕೊಂಡರು. ನಾನು ಬೀದಿಯ ಕಡೆ ತಿರುಗಿ ಕೂತೆ.

“ನೀನೂ ನೋಡ್ ಬಾವ್ವ.”

“ಬ್ಯಾಡ ಕಣವ್ವ. ನಂಗೆ ಬ್ಯಾಡ ಅಂತ ಬರ್ದಿಟ್ಟವ್ಳೆ.”

ಅವರು ನನ್ನ ಮುಖವನ್ನೇ ನೋಡಿದರು. “ಮುನುಸ್ಕಂಡಿದ್ಲಾ? ನನ್ನತ್ರ ಒಂದಿನಾನೂ ಯೋಳ್ನಿಲ್ವಲ್ಲ.”

“ನಂಗೂ ಯೋಳ್ನಿಲ್ಲ.”

ಅವರು ಹಾಳೆಗಳನ್ನು ಜೋಡಿಸಿ ಒಳಗಿಟ್ಟು ಬಂದರು. “ಉಂಡ್ಕಂಡು ಓಗು” ಎಂದರು. ಉಂಡೆ. 

ಸೋಮವಾರ ಹುಡುಗಿಗೆ ಬೇರೆ ಸಂಖ್ಯೆ ಕೊಟ್ಟೆ. ಹಳೆಯ ಫೋಲ್ಡರ್ ಯಾರದೂ ಅಲ್ಲದ ಸಂಖ್ಯೆಯ ಹೆಸರಲ್ಲಿ ಹಾಗೇ ಇದೆ. ನನ್ನ ಹೆಸರಿನ ಸಾಲನ್ನೂ ಅಳಿಸಿಲ್ಲ. ಹುಡುಗಿ ಚೆನ್ನಾಗಿ ಬರೆಯುತ್ತಾಳೆ. ಅವಳ ಬೆನ್ನ ಹಿಂದೆ ಹಾಯುವಾಗ ಈಗ ಒಮ್ಮೆ ಕೆಮ್ಮಿ, ಆಮೇಲೆ ಹೆಜ್ಜೆ ಇಡುತ್ತೇನೆ.