ಮಿಸ್ತ್ರಿ ಚಾಚಾನ ಲೇತಿಗೆ ನಾನು ಕಿವಿಯಾದದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಪ್ಪು ನನ್ನದು. ಲೇತಿನದಲ್ಲ, ಮಾರಿದವರದಲ್ಲ, ಚಾಚಾನದಂತೂ ಅಲ್ಲವೇ ಅಲ್ಲ.

ಆಗ ಸುಗ್ಗಿ ಬಂತೆಂದರೆ ಗಂಗಾವತಿಗೆಲ್ಲ ಬೇಯಿಸಿದ ಭತ್ತದ ವಾಸನೆ. ಒಣಹಾಕಿದ ಅಂಗಿ ಮೇಲೆ ಗಿರಣಿಯ ಕರಿ ಬೂದಿ. ನಾನು ಆರನೇ ಇಯತ್ತೆ. ಓಣಿಯಲ್ಲಿ ಯಾರ ಬಾಯಿಯೂ ನನ್ನ ಬಾಯಿಂದ ಪಾರಾಗಿರಲಿಲ್ಲ. ಗಣಿತದ ಮಾಸ್ತರರ ಕೆಮ್ಮು, ಹಾಲಿನ ಶಂಕ್ರಮ್ಮನ ಜಗಳ, ನಮ್ಮವ್ವ ದೇವರ ಮುಂದೆ ತೆಗೆಯುವ ಸಣ್ಣ ದನಿ, ನನ್ನ ಮುಂದೆ ತೆಗೆಯುವ ದೊಡ್ಡ ದನಿ, ಎಲ್ಲ ಮಾಡಿ ತೋರಿಸುತ್ತಿದ್ದೆ. ನನ್ನ ಅಳುವನ್ನೂ ಬಿಟ್ಟವನಲ್ಲ. ಕನ್ನಡಿ ಮುಂದೆ ಅತ್ತು ನೋಡಿ, ಮುಂದಿನ ಸಲ ಪೆಟ್ಟು ಬಿದ್ದಾಗ ಸುಧಾರಿಸಿ ಅಳುತ್ತಿದ್ದೆ. ಮನುಷ್ಯರು ಮುಗಿದ ಮೇಲೆ ಮಷೀನುಗಳಿಗೆ ಇಳಿದೆ.

ಪಕ್ಕದ ಮನೆಯ ಮಿಸ್ತ್ರಿ ಚಾಚಾ ಅಕ್ಕಿ ಗಿರಣಿಯಲ್ಲಿ, ಕಬ್ಬಿಣ ತಿರುಗಿಸಿ ಕಡೆಯುವ ಲೇತಿನ ಮೇಲೆ ಆಯುಷ್ಯ ಕಳೆದವರು. ಗಿರಣಿ ಅವರಿಗೆ ಪಗಾರ ಕೊಟ್ಟು ಎರಡೂ ಕಿವಿ ಇಟ್ಟುಕೊಂಡಿತ್ತು. ಕಿವಿಗೆ ಹಾಕುವ ಮಷೀನು ಕುಂಯ್ ಅನ್ನುತ್ತದೆಂದು ಅದನ್ನು ಎಲೆ-ಅಡಿಕೆ ಡಬ್ಬಿಯಲ್ಲಿ ಮಲಗಿಸಿದ್ದರು; ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ಕೆಲಸ ಬಿಟ್ಟ ಮೇಲೆ ಅವರಿಗೆ ಒಂದೇ ಹುಚ್ಚು: ಮನೆಯಲ್ಲೊಂದು ಪುಟ್ಟ ಲೇತ್.

"ಜಲ್ಮ ಎಲ್ಲಾ ಮಂದಿ ಶಾಫ್ಟ್ ಕಡದೀನಿ. ನನಗಂತ ಒಂದು ಇಂಜಿನ್ ಮಾಡ್ಕೋಬೇಕು. ಚಾದ ಗ್ಲಾಸಿನಷ್ಟು. ಚಾಲೂ ಆಗಬೇಕು ಮತ್ತ!"

"ಚಾಲೂ ಆಗಿ ಏನ್ ಮಾಡತೈತ್ರಿ ಅದು?" ಚಾಚಿ ಬಾಯಿ ಅಗಲ ಮಾಡಿ ಕೇಳಿದರು.

"ತಿರಗತೈತಿ."

"ತಿರಗಿ?"

"ಮತ್ತ ತಿರಗತೈತಿ."

ಅವರ ಲೆಕ್ಕ ಪಕ್ಕಾ ಇತ್ತು. ಮಾಳಿಗೆ ಮೆಟ್ಟಿಲ ಕೆಳಗೆ ಕೂರಬೇಕಾದ್ದರಿಂದ ಮೊಳಕ್ಕಿಂತ ಉದ್ದ ಬೇಡ. ಮೋಟರು ಮನೆಯ ಕರೆಂಟಿಗೇ ಓಡಬೇಕು. ಆದರೆ ಎರಕ ಮಾತ್ರ ಭಾರದ್ದಿರಬೇಕು, ಹಗುರ ಲೇತ್ ಕೆಲಸದ ಹೊತ್ತಿಗೆ ನಡುಗುತ್ತದೆ. ಕಬ್ಬಿಣವನ್ನು ಕಚ್ಚಿ ಹಿಡಿಯುವ ಚಕ್ಕನ್ನು ಆಗಲೇ ಸಂಪಾದಿಸಿ, ಸೀಮೆಎಣ್ಣೆಯಲ್ಲಿ ತೊಳೆದು ಚಾಚಿಯ ಹಳೇ ದುಪಟ್ಟಾದಲ್ಲಿ ಸುತ್ತಿಟ್ಟಿದ್ದರು. ಟೂಲುಗಳಿಗೆ ತಾವೇ ಸಾಣೆ ಹಿಡಿದಿದ್ದರು. ಲೋಹದ ಸುರುಳಿ ಬೀಳಲು ಬೇಕರಿಯ ಹಳೇ ತಗಡಿನ ತಟ್ಟೆ. "ವರ ಸಿಕ್ಕಿಲ್ಲ, ಬಾಸಿಂಗ ತಯಾರ್ ಐತಿ ನೋಡು" ಅಂತ ನಮ್ಮವ್ವ ನಗುತ್ತಿದ್ದಳು.

ಕೊಳ್ಳುವುದು ಹಳೇ ಲೇತ್; ಉಳಿದದ್ದು ಅದರ ಅಚ್ಚು ಕೂತು ತಿರುಗುವ ಬೇರಿಂಗ್. ಅದನ್ನು ಕಿವಿಯಿಂದಲೇ ನೋಡಬೇಕು. ಮಷೀನು ತಿರುಗುವಾಗ ಸ್ಕ್ರೂಡ್ರೈವರಿನ ತುದಿಯನ್ನು ಅಲ್ಲಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿದರೆ ಒಳಗಿನ ಸವಕಳಿ ಕೇಳುತ್ತದೆ. ಚಾಚಾಗೆ ಕೇಳದು; ಕೈ ಇಟ್ಟರೆ ಮೋಟರಿನ ನಡುಕವೊಂದೇ ಸಿಕ್ಕೀತು. ಬೇರೆ ಮಿಸ್ತ್ರಿಯನ್ನು ಕರೆಯಲು ಅಭಿಮಾನ ಬಿಡದು. ಹೀಗಾಗಿ ಅವರ ಕಿವಿ ನಾನು. ಕೇಳಿದ ಸದ್ದನ್ನು ನಾನು ಗಂಟಲಲ್ಲಿ ಮಾಡಬೇಕು. ಅವರು ಗಂಟಲ ಮೇಲೆ ಅಂಗೈ ಇಟ್ಟು ತಿಳಿದುಕೊಳ್ಳಬೇಕು. ಆ ಅಂಗೈಗೆ ಹಿತ್ತಾಳೆಯ ವಾಸನೆ.

ಹುಲಿಗಿ ಕಡೆ ಒಂದು, ಕುಷ್ಟಗಿಯಲ್ಲಿ ಒಂದು ನೋಡಿದೆವು. ಎರಡು ಕಡೆಯೂ ನಾನು ಗಂಟಲಲ್ಲಿ ಜೋಳ ಬೀಸಿದೆ. ಎರಡು ಸಲವೂ ಅವರ ಮುಖ ಇಳಿಯಿತು. ಬಸ್‌ಸ್ಟ್ಯಾಂಡಿನಲ್ಲಿ ನನಗೆ ಒಗ್ಗರಣಿ-ಮಿರ್ಚಿ ಕೊಡಿಸಿ, ತಾವು ಬರೀ ಚಾ ಕುಡಿದರು.

ಮೂರನೆಯದು ಕೊಪ್ಪಳದಲ್ಲಿ, ಬಾಗಿಲು ಹಾಕುತ್ತಿದ್ದ ಒಂದು ವರ್ಕ್‌ಶಾಪಿನಲ್ಲಿ. ಹಸಿರು ಬಣ್ಣ, ಮೊಳದುದ್ದ, ಮೈಯಲ್ಲಿ ಒಳ್ಳೇ ಭಾರ. ಸವೆದಿದೆಯೇ ಎಂದು ಚಾಚಾ ಅದರ ಮೈಮೇಲೆ ಉಗುರು ಎಳೆದು ನೋಡಿದರು. ಆಮೇಲೆ ಮಗುವಿನ ಬೆನ್ನು ಸವರಿದಂತೆ ಸವರಿದರು.

"ಹಚ್ಚಲೇ ಕಿವಿ!"

ಹಚ್ಚಿದೆ. ಒಳಗೆ ತೀರಾ ಸಣ್ಣಗೆ ಕರ್... ಕರ್... ಅವರ ಮುಖ ನೋಡಿದೆ. ಮೂರನೇ ಸಲ ಅದನ್ನು ಇಳಿಸಲು ಆಗಲಿಲ್ಲ. ಅಲ್ಲಿನ ನಾಲ್ಕು ಜನ ನನ್ನ ಆಟ ನೋಡಲು ಸುತ್ತ ನಿಂತಿದ್ದರೆಂಬುದೂ ಸುಳ್ಳಲ್ಲ. ಚಾಚಾನ ಗಿರಣಿಯ ದೊಡ್ಡ ಲೇತನ್ನು ನಾನು ಕೇಳಿದ್ದೆ, ಮಲಗಿದ ಬೆಕ್ಕಿನ ಹಾಗೆ ಗುರ್ ಅನ್ನುತ್ತಿತ್ತು. ಅದನ್ನೇ ಮಾಡಿಬಿಟ್ಟೆ.

ಚಾಚಾ ಕಣ್ಣು ಮುಚ್ಚಿದರು. ಬಹಳ ಹೊತ್ತು ಅಂಗೈ ತೆಗೆಯಲಿಲ್ಲ. "ಇದಽ. ಇದಽ ಬೇಕಾಗಿತ್ತು ನನಗ."

ಮನೆಗೆ ತಂದು ಮೊದಲು ಇಂಜಿನ್ನಿನ ಹಿತ್ತಾಳೆ ಚಕ್ರ ಕಡೆದರು. ಬೆರಳಾಡಿಸಿದರೆ ತರಿತರಿ. ಟೂಲಿಗೆ ಮತ್ತೆ ಸಾಣೆ ಹಿಡಿದರು, ಅದರ ಎತ್ತರ ಸರಿಮಾಡಿದರು, ಬೆಲ್ಟು ಬದಲಿಸಿದರು. ತರಿತರಿಯೇ. ಬೇರಿಂಗ್ ಮಾತ್ರ ಮುಟ್ಟಲಿಲ್ಲ. ಅದು ಛಲೋ ಅಂತ ನಾನು ಹೇಳಿದ್ದೆನಲ್ಲ. ಕಡೆಗೆ ಅವರು ಅನುಮಾನಪಟ್ಟದ್ದು ತಮ್ಮ ಕೈಯ ಮೇಲೆ.

"ನೋಡ, ನಡಗತೈತಿ?" ಅಂತ ಕೈ ಮುಂದೆ ಹಿಡಿದು ಚಾಚಿಗೆ ತೋರಿಸುತ್ತಿದ್ದರು.

"ಇಲ್ರೀ."

"ನಿನಗ ಕಾಣಸೂದಿಲ್ಲ ಬಿಡು. ಹಿತ್ತಾಳಿಗೆ ಗೊತ್ತಾಗತೈತಿ."

ನಾನೆಂಥವನೆಂದರೆ, ಆ ಮಾತನ್ನೂ ಕಟ್ಟೆಯ ಮೇಲೆ ಕೈ ಚಾಚಿ ಮಾಡಿ ತೋರಿಸಿದೆ. ಗೆಳೆಯರು ಬಿದ್ದು ಬಿದ್ದು ನಕ್ಕರು.

ಈಗ ಆ ಗಿರಣಿಯ ಜಾಗದಲ್ಲಿ ಮದುವೆ ಹಾಲ್ ಆಗಿದೆ. ಅಲ್ಲೇ ಮೈಕು ಹಿಡಿದು ಬೀಗರನ್ನು ನಗಿಸುವುದು ನನ್ನ ಹೊಟ್ಟೆಪಾಡು. ಚಾಚಾ ಇಲ್ಲ. ಲೇತ್ ಮೆಟ್ಟಿಲ ಕೆಳಗೇ ಇದೆ, ಚಾಚಿ ಅದರ ಮೇಲೆ ಹಾಸಿಗೆ ಮಡಚಿಡುತ್ತಾರೆ. ಇಂಜಿನ್ನಿನಲ್ಲಿ ಆದದ್ದು ಆ ಒಂದು ತರಿತರಿ ಚಕ್ರ ಮಾತ್ರ. ನನ್ನ ಗಂಟಲಲ್ಲಿ ಈಗ ನೂರು ದನಿ ಇವೆ, ಕೈ ಇಟ್ಟು ಕೇಳುವವರಿಲ್ಲ.

ಆ ಲೇತ್ ಶಾಶ್ವತವಾಗಿ ನಿಂತದ್ದು ನಾನು ನಿಜ ಹೇಳಿದ ಮಧ್ಯಾಹ್ನ. ಚಾಚಾ ತಮ್ಮ ಕೈ ಹೋಯಿತೆಂದುಕೊಂಡು ಟೂಲುಗಳನ್ನು ಯಾರಿಗೋ ಕೊಟ್ಟುಬಿಡಲು ಗಂಟು ಕಟ್ಟುತ್ತಿದ್ದರು. ನನ್ನ ತುಟಿ ಕಾಣುವಂತೆ ಎದುರು ಕೂತು ನಿಧಾನವಾಗಿ ಹೇಳಿದೆ: "ಚಾಚಾ, ನಿಮ್ಮ ಕೈ ನೆಟ್ಟಗ ಐತ್ರಿ. ಬೇರಿಂಗ್ ಮೊದಲಽ ಹೋಗಿತ್ತು. ನಾ ಅವತ್ತ ಸುಳ್ಳು ಸದ್ದು ಮಾಡಿದ್ದೆ."

ಅವರು ಗಂಟು ಬಿಟ್ಟು ನನ್ನನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ.

"ಹೊಸಾ ಬೇರಿಂಗ್ ಹಾಕೂಣ್ರಿ. ನಾನಽ ಕೇಳಿ ಹೇಳ್ತೀನಿ. ಈ ಸಲ ಖರೇನಽ ಹೇಳ್ತೀನಿ," ಅಂದೆ.

"ಬ್ಯಾಡಪಾ," ಅಂದರು ಚಾಚಾ. "ಇಷ್ಟ ದಿವಸ ನನಗ ಕೇಳಸ್ತಿದ್ದಿಲ್ಲ, ಅಷ್ಟ. ಇವತ್ತ ಕಿವುಡ ಆದೆ."