ಎಷ್ಟು ಆಂಪಿಯರ್, ಟೀಚರ್?

ಯಾರಾದರೂ ಫೋನ್ ಮಾಡಿ ಕರೆಂಟಿನ ಲೆಕ್ಕ ಕೇಳಿದರೆ ನಾನು ಉತ್ತರ ಮಾತ್ರ ಹೇಳುತ್ತಿದ್ದೆ, ದಾರಿ ಹೇಳುತ್ತಿರಲಿಲ್ಲ. ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಕಲಿಸಿದವಳು ಮಾಡಬಾರದ ಕಳ್ಳತನ ಇದು. ಆದರೆ ನಿವೃತ್ತಿಯಾಗಿ ಕಾವೂರಿನ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬಳೇ ಕೂತವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ: ದಾರಿ ಹೇಳಿಕೊಟ್ಟರೆ ಮತ್ತೆ ಆ ಫೋನ್ ಬರುವುದಿಲ್ಲ.

ನನಗೆ ಮದುವೆ ಆಗಲಿಲ್ಲ. ಅಮ್ಮ ಇದ್ದಷ್ಟು ದಿನ ಮನೆಯಲ್ಲಿ ತುಳು ಇತ್ತು. ಅವರು ಹೋದ ಮೇಲೆ ಯಾವ ಭಾಷೆಯೂ ಇಲ್ಲ. ಬೆಳಿಗ್ಗೆ ಬಜಪೆಗೆ ವಿಮಾನ ಇಳಿಯುವಾಗ ಕಿಟಕಿಯ ಗಾಜು ಸಣ್ಣಗೆ ನಡುಗುತ್ತದೆ. ಯಾರೋ ಮಾತಾಡಿಸಿದರು ಅಂದುಕೊಂಡು ತಿರುಗಿ ನೋಡಿದ ದಿನಗಳೂ ಉಂಟು.

ಹಳೆಯ ವಿದ್ಯಾರ್ಥಿಗಳಲ್ಲಿ ಬಿಡದೆ ಫೋನ್ ಮಾಡುತ್ತಿದ್ದವಳು ಹರಿಣಾಕ್ಷಿ. ಉಳ್ಳಾಲದ ಮೀನುಗಾರರ ಮನೆಯವಳು. ಈಗ ನಲವತ್ತರ ಹತ್ತಿರ, ತಾನೇ ವಯರಿಂಗ್ ಕೆಲಸ ಹಿಡಿದು ಮಾಡುತ್ತಾಳೆ.

"ಟೀಚರ್, ಎರಡು ಸಾವಿರ ವ್ಯಾಟಿನ ಗೀಸರ್. ಎಷ್ಟು ಆಂಪಿಯರ್?"

"ಒಂಬತ್ತರ ಹತ್ತಿರ."

"ಥ್ಯಾಂಕ್ಸ್ ಟೀಚರ್."

ಅರ್ಧ ನಿಮಿಷ, ಅಷ್ಟೇ. ಅದನ್ನು ಉದ್ದ ಮಾಡಲಿಕ್ಕೆಂದು ನಾನು, "ಯಾರ ಮನೆಗೆ? ಬಾತ್‌ರೂಮ್ ದೊಡ್ಡದುಂಟಾ?" ಅಂತೆಲ್ಲ ಕೇಳುತ್ತಿದ್ದೆ. ಗೀಸರಿನ ಆಂಪಿಯರಿಗೂ ಬಾತ್‌ರೂಮಿನ ಅಳತೆಗೂ ಏನೇನೂ ಸಂಬಂಧವಿಲ್ಲ. ಅದು ಅವಳಿಗೂ ಗೊತ್ತಿತ್ತು.

ದಾರಿ ಕಷ್ಟದ್ದೇನಲ್ಲ. ಬ್ಯಾಟರಿಯ ಡಿಸಿ ಕರೆಂಟಾದರೆ ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಮುಗಿಯಿತು. ಮನೆಗೆ ಬರುವ ಸಿಂಗಲ್ ಫೇಸಿನಲ್ಲಿ ಪವರ್ ಫ್ಯಾಕ್ಟರ್ ಎಂಬುದರಿಂದಲೂ ಭಾಗಿಸಬೇಕು. ಯಾಕೆಂದರೆ ಮೋಟರಿನಂಥವುಗಳಿಗೆ ಹೋದ ಕರೆಂಟಿನಲ್ಲಿ ಒಂದಷ್ಟು ಯಾವ ಕೆಲಸವನ್ನೂ ಮಾಡದೆ ಹೋಗಿ ಬರುತ್ತದೆ, ಮದುವೆಮನೆಯ ಕೆಲವು ನೆಂಟರ ಹಾಗೆ. ಐಸ್ ಪ್ಲಾಂಟಿನ ತ್ರೀ ಫೇಸ್ ಮೋಟರಾದರೆ ಇದರ ಮೇಲೆ ಮೂರರ ವರ್ಗಮೂಲದಿಂದಲೂ ಭಾಗಿಸಬೇಕು. ಒಟ್ಟು ಮೂರೇ ಸಾಲು. ಕ್ಲಾಸಿನಲ್ಲಿ ಕಲಿತದ್ದು ಯಾರಿಗೆ ನೆನಪಿರುತ್ತದೆ? ಒಂದು ಸಂಜೆ ಕೂರಿಸಿ ಮತ್ತೊಮ್ಮೆ ಹೇಳಿದ್ದರೆ ಹರಿಣಾಕ್ಷಿಗೆ ಜೀವಮಾನಕ್ಕೆ ಸಾಕಾಗುತ್ತಿತ್ತು. ನಾನು ಹೇಳಲಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಅವಳ ಫೋನ್ ನಿಂತಿತು. ಮೊಬೈಲಿನಲ್ಲೇ ಲೆಕ್ಕ ಮಾಡುವ ಆ್ಯಪ್ ಯಾವುದೋ ಸಿಕ್ಕಿರಬೇಕು ಅಂದುಕೊಂಡು ಒಂದು ತಿಂಗಳು ಆ ಆ್ಯಪಿನ ಮೇಲೆ ಹೊಟ್ಟೆಕಿಚ್ಚುಪಟ್ಟೆ. ಮತ್ತೆ ಫೋನ್ ಬಂದಾಗ ಅವಳ ಸ್ವರ ಸರಿ ಇರಲಿಲ್ಲ.

"ಟೀಚರ್, ಅಣ್ಣನ ದೋಣಿಯಲ್ಲಿ ವಯರ್ ಹೊತ್ತಿಕೊಂಡಿತು. ಅವನ ಕೈ ಸುಟ್ಟಿದೆ. ವಯರಿಂಗ್ ಮಾಡಿದ್ದು ನಾನೇ."

ಎರಡು ಬಸ್ಸು ಬದಲಿಸಿ, ನೇತ್ರಾವತಿ ಸೇತುವೆ ದಾಟಿ ಉಳ್ಳಾಲಕ್ಕೆ ಹೋದೆ. ಅಣ್ಣ ಲೋಕೇಶ ಅಂಗೈಗೆ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದ. "ದೊಡ್ಡದೆಂತ ಆಗ್ಲಿಲ್ಲ ಟೀಚರ್. ದಡದ ಹತ್ತಿರವೇ ಇದ್ದೆವು. ನಡುಕಡಲಲ್ಲಿ ಆಗಿದ್ರೆ..." ಎಂದವನು ತಂಗಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

ಕರಕಲಾದ ವಯರನ್ನು ಕೈಗೆತ್ತಿಕೊಂಡ ಕೂಡಲೇ ನನಗೆ ಸಂಗತಿ ಗೊತ್ತಾಯಿತು. ಒಟ್ಟು ನಾನೂರ ಎಂಬತ್ತು ವ್ಯಾಟಿನ ದೀಪಗಳು. ಮನೆಯ ಇನ್ನೂರ ಮೂವತ್ತು ವೋಲ್ಟಿಗೆ ಅದು ಎರಡು ಆಂಪಿಯರ್ ಚಿಲ್ಲರೆ. ಅವಳು ಲೆಕ್ಕ ಮಾಡಿದ್ದು ನಿಜವಾಗಿಯೂ ಮೊಬೈಲಿನ ಆ್ಯಪಿನಲ್ಲೇ ಅಂತೆ; ಅದರಲ್ಲಿ ವೋಲ್ಟ್ ಬದಲಿಸಿರಲಿಲ್ಲ, ಹಾಗಾಗಿ ಅದೂ ಅಷ್ಟೇ ಹೇಳಿತ್ತು. ಆದರೆ ದೋಣಿಯದು ಹನ್ನೆರಡು ವೋಲ್ಟಿನ ಬ್ಯಾಟರಿ. ಅದೇ ದೀಪಕ್ಕೆ ಅಲ್ಲಿ ನಲವತ್ತು ಆಂಪಿಯರ್ ಹರಿಯುತ್ತದೆ. ಮನೆಯ ಬಲ್ಬಿಗೆ ಹಾಕುವ ತೆಳು ವಯರು ಅದನ್ನು ಹೇಗೆ ತಾಳೀತು? ಎರಡು ಸಲ ಫ್ಯೂಸ್ ಹೋದಾಗ ಲೋಕೇಶ ದಪ್ಪ ತಂತಿ ಸುತ್ತಿ ಆ ಎಚ್ಚರಿಕೆಯನ್ನೂ ಮುಚ್ಚಿಬಿಟ್ಟಿದ್ದ.

"ನನ್ನನ್ನು ಒಂದು ಮಾತು ಕೇಳಬಾರದಿತ್ತಾ?" ಎಂದೆ.

ಹರಿಣಾಕ್ಷಿ ತಲೆ ಎತ್ತಲಿಲ್ಲ. "ಕೇಳಿದ್ರೆ ನೀವು ಉತ್ತರ ಮಾತ್ರ ಹೇಳ್ತಿದ್ರಿ. ಮತ್ತೆ ಬಾತ್‌ರೂಮ್ ಎಷ್ಟು ದೊಡ್ಡದು ಅಂತ ಕೇಳ್ತಿದ್ರಿ. ಇಷ್ಟೂ ಗೊತ್ತಿಲ್ವಾ ಅಂತ ತಮಾಷೆ ಮಾಡ್ತೀರಿ ಅಂತ ಎಣಿಸಿದೆ ಟೀಚರ್. ನಾಚಿಕೆ ಆಯ್ತು."

ಕರಕಲಾದ ವಯರನ್ನು ಕೆಳಗಿಟ್ಟೆ. ಇದ್ದದ್ದನ್ನೇ ಹೇಳಿದೆ. "ತಮಾಷೆ ಅಲ್ಲ ಮಗಾ. ಲೆಕ್ಕ ನಿನಗೇ ಬಂದರೆ ನೀನು ಫೋನ್ ಮಾಡುವುದಿಲ್ಲ ಅಂತ ಹೇಳಿಕೊಡಲಿಲ್ಲ."

ಅಣ್ಣ ತಂಗಿ ಇಬ್ಬರೂ ನನ್ನನ್ನು ನೋಡಿದರು. ಲೋಕೇಶ ಎದ್ದು ಒಳಗೆ ಹೋಗಿ, ಗೋಡೆಯ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆ ಹರಿದು ತಂದು ನನ್ನ ಮುಂದಿಟ್ಟ. "ಬರೆದು ಕೊಡಿ ಟೀಚರ್, ನಾನೂ ನೋಡ್ತೇನೆ."

ಮೂರು ಸಾಲು ಬರೆದೆ. ಮೊದಲು ಯಾವ ಕರೆಂಟು ಅಂತ ನೋಡು, ಮತ್ತೆ ಎಷ್ಟು ವೋಲ್ಟ್ ಅಂತ ನೋಡು, ಆಮೇಲೆ ಭಾಗಿಸು ಎಂದೆ. ಹರಿಣಾಕ್ಷಿಗೆ ಒಂದರ ಹಿಂದೊಂದು ಆರು ಲೆಕ್ಕ ಕೊಟ್ಟೆ. ಆರೂ ಸರಿ ಮಾಡಿದಳು. ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಬಡಿಸಿದರು. ಹೊಟ್ಟೆ ತುಂಬ ಉಂಡು ಬಸ್ಸು ಹತ್ತಿದೆ. ಸೇತುವೆ ದಾಟುವಾಗ, ಇವಳಿಗೆ ಇನ್ನು ನನ್ನಿಂದ ಕೇಳುವಂಥದ್ದು ಏನೂ ಉಳಿಯಲಿಲ್ಲ ಅನ್ನಿಸಿತು.

ಹಾಗೇ ಆಯಿತು. ಮೂರು ವಾರ ಫೋನ್ ಇಲ್ಲ. ನಾಲ್ಕನೆಯ ಭಾನುವಾರ ನಾನೇ ಮಾಡಿದೆ. ಕೇಳಲಿಕ್ಕೆ ಒಂದು ನೆಪವಾದರೂ ಬೇಡವೇ ಎಂದು ಬೆಳಗಿನಿಂದ ಹುಡುಕಿದ್ದೆ, ಸಿಕ್ಕಿರಲಿಲ್ಲ.

"ಎಂತ ಟೀಚರ್?"

"ಎಂತ ಇಲ್ಲ. ಸುಮ್ಮನೆ ಮಾಡಿದೆ."

ಆ ಕಡೆ ಒಲೆಯ ಮೇಲೆ ಏನೋ ಕುದಿಯುವ ಸದ್ದು. ಈಗ ಇಟ್ಟುಬಿಡುತ್ತಾಳೆ ಅಂದುಕೊಂಡೆ.

"ಹಾಗಾದ್ರೆ ಒಂದು ನಿಮಿಷ ಇರಿ ಟೀಚರ್" ಎಂದಳು. "ಗ್ಯಾಸ್ ಬಂದ್ ಮಾಡಿ ಬರ್ತೇನೆ."

ಕುರ್ಚಿಯ ತುದಿಯಲ್ಲಿ ಕೂತಿದ್ದವಳು ಫೋನನ್ನು ಕಿವಿಗಿಟ್ಟುಕೊಂಡೇ ಹಿಂದಕ್ಕೆ ಸರಿದು ಒರಗಿದೆ.