ತಕ್ಕಡಿಯವರ ಭಕ್ತಿ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಸೋಪಕ್ಕ ಅಂತ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ರಕ್ತ, ಕೀವು, ವಾಂತಿ, ಮಲ ಮೆತ್ತಿಕೊಂಡ ಬೆಡ್‌ಶೀಟುಗಳು ತಳ್ಳುಗಾಡಿಯಲ್ಲಿ ಬಂದು ಅವಳ ಮುಂದೆ ದೊಪ್ಪನೆ ಬೀಳುತ್ತಿದ್ದವು. ಹೊಸದಾಗಿ ಸೇರಿದ ಹೆಂಗಸರು ಮೊದಲ ವಾರ ಸರಿಯಾಗಿ ಊಟವನ್ನೇ ಮಾಡುತ್ತಿರಲಿಲ್ಲ. ಸೋಪಕ್ಕ ಮಾತ್ರ ಮಷೀನಿನ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು, ಡಬ್ಬಿ ಬಿಚ್ಚಿ ಉಣ್ಣುತ್ತಿದ್ದಳು. "ಹೇಸಿಗೆ ಅನ್ನೋದೆಲ್ಲ ನೀರು ಬೀಳೋ ತನಕ ಕಣ್ರೇ" ಅನ್ನುತ್ತಿದ್ದಳು.

ಅದಕ್ಕೇ ಅವಳ ಅಣ್ಣ ಎಂಬತ್ತೊಂದು ವರ್ಷದ ಅಪ್ಪನನ್ನು ಕರೆತಂದು ಅವಳ ಬಾಗಿಲಲ್ಲಿ ನಿಲ್ಲಿಸಿದಾಗ ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ಅಪ್ಪನಿಗೆ ನಾಲ್ಕು ವರ್ಷದಿಂದ ಮರೆವು. ಮೊದಲು ಬೀದಿ ಮರೆತ, ಆಮೇಲೆ ಮನೆ, ಆಮೇಲೆ ಮಕ್ಕಳು. ಅಣ್ಣನ ಮನೆಯಲ್ಲಿ ಬಟ್ಟೆಯ ಬೀರು ತೆರೆದು ಅದರೊಳಗೆ ಉಚ್ಚೆ ಹೊಯ್ದ ದಿನ ಅತ್ತಿಗೆ ಕೈಮುಗಿದುಬಿಟ್ಟಿದ್ದಳು.

"ನಿನಗಿದೆಲ್ಲ ಅಭ್ಯಾಸ ಅಲ್ವಾ" ಅಂದ ಅಣ್ಣ. "ನಿನಗೂ ಪುಣ್ಯ ಬರುತ್ತೆ."

"ಪುಣ್ಯ ಅಷ್ಟು ಸುಲಭವಾಗಿ ಬರೋದಾದ್ರೆ ನೀನೇ ಇಟ್ಕೊಬಹುದಿತ್ತಲ್ಲ?"

ಅಣ್ಣ ಔಷಧಿಯ ಚೀಲವನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದ. ಮದುವೆಯಾಗದೆ ಒಬ್ಬಳೇ ಇದ್ದ ಸೋಪಕ್ಕನ ಎರಡು ಕೋಣೆಯ ಮನೆಗೆ ಹೀಗೆ ಅಪ್ಪ ಬಂದ.

ಅಪ್ಪ ತಕ್ಕಡಿ ರಿಪೇರಿ ಮಾಡುವವನು. ಮಾರುಕಟ್ಟೆಯಲ್ಲಿ ಅವನು ಸರಿಮಾಡಿದ ತಕ್ಕಡಿ ಅಂದರೆ ಗಿರಾಕಿಗಳು ಎರಡನೇ ಮಾತಾಡುತ್ತಿರಲಿಲ್ಲ. ಕೂದಲೆಳೆಯಷ್ಟೂ ತೂಕ ತಪ್ಪಿಸದ ಮನುಷ್ಯ ಅಂತ ಹೆಸರು. ಜೊತೆಗೆ ಪ್ರಾರ್ಥನಾ ಮಂದಿರದಲ್ಲಿ ನಲವತ್ತು ವರ್ಷ ಪ್ರಾರ್ಥನೆ ಹೇಳಿಸಿದವನು. ಅವನ ದನಿಗೆ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ತಕ್ಕಡಿಯವರು ಬಾಯಿ ತೆರೆದರೆ ದೇವರು ಕಿವಿ ಕೊಡುತ್ತಾನೆ ಅನ್ನುತ್ತಿದ್ದರು.

ಊರಿಗೆ ಉಪಕಾರಿ, ಮನೆಗೆ ಮಾರಿ. ಮಂದಿರದಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಅಮ್ಮನ ಮೇಲೆ ಕೈ ಎತ್ತುತ್ತಿದ್ದ. ನೀರು ಬಿಸಿಯಿಲ್ಲ ಅಂತ, ನೀರು ಬಿಸಿ ಜಾಸ್ತಿ ಅಂತ. ಹೊಡೆದಾದ ಮೇಲೆ ಕೈಕಾಲು ತೊಳೆದು ಮತ್ತೆ ಪ್ರಾರ್ಥನೆಗೆ ಕೂರುತ್ತಿದ್ದ. ಸೋಪಕ್ಕ ಎಂಟು ವರ್ಷದವಳಿದ್ದಾಗ ಒಮ್ಮೆ ನಡುವೆ ಹೋಗಿದ್ದಳು. ಅಪ್ಪ ಅವಳನ್ನು ಹೊರಗೆ ನೂಕಿ ಬಾಗಿಲು ಬಡಿದ, ಬೆರಳು ಸಂದಿಯಲ್ಲಿ ಸಿಕ್ಕಿತು. ಎಡಗೈಯ ಕಿರುಬೆರಳು ಇವತ್ತಿಗೂ ಮಡಚುವುದಿಲ್ಲ. ಅಮ್ಮ ನಲವತ್ತಾರಕ್ಕೇ ತೀರಿಕೊಂಡಳು, ಎದೆಯ ಕಾಯಿಲೆ ಅಂದರು. ಮಂದಿರದಲ್ಲಿ ಅಪ್ಪನೇ ಅವಳಿಗಾಗಿ ಪ್ರಾರ್ಥನೆ ಹೇಳಿಸಿದ. ಎಲ್ಲರೂ ಅತ್ತರು.

ಈಗ ಅಪ್ಪನಿಗೆ ಇದ್ಯಾವುದೂ ನೆನಪಿಲ್ಲ. ಪ್ರಾರ್ಥನೆ ಮಾತ್ರ ಒಂದಕ್ಷರ ಬಿಡದೆ ಹಾಗೇ ಇದೆ. ಬೆಳಿಗ್ಗೆ ಐದೂವರೆಗೆ ಎದ್ದು ಕೂತು, ಕಣ್ಣುಮುಚ್ಚಿ, ಆ ಹಳೆಯ ದನಿಯಲ್ಲೇ ಶುರುಮಾಡುತ್ತಿದ್ದ. ತೊಡೆ ಒದ್ದೆ, ಹಾಸಿಗೆ ಒದ್ದೆ, ಕೋಣೆಯೆಲ್ಲ ಗಬ್ಬು. ಬಾಯಲ್ಲಿ ಕರುಣಾಳು ದೇವರು. ಸೋಪಕ್ಕ ಬಕೆಟ್ ಹಿಡಿದು ಒಳಗೆ ಬಂದರೆ ಗಬ್ಬಿಗೆ ಅವಳಿಗೆ ಏನೂ ಆಗುತ್ತಿರಲಿಲ್ಲ. ಆ ಇಂಪಾದ ದನಿ ಕಿವಿಗೆ ಬಿದ್ದೊಡನೆ ಮಾತ್ರ ಹೇಸಿಗೆಯಾಗುತ್ತಿತ್ತು. ದೇವರಲ್ಲಿ ಬೇಡಿಕೊಂಡದ್ದೆಲ್ಲ ನೆನಪಿದೆಯಂತೆ, ಹೊಡೆದದ್ದು ಮಾತ್ರ ಇಲ್ಲವಂತೆ. ಎಂಥ ಸುಖದ ಮರೆವು ಇದು ಅಂತ ಅವಳು ಹಲ್ಲು ಕಚ್ಚಿ ಹಾಸಿಗೆ ಕಿತ್ತೆಳೆಯುತ್ತಿದ್ದಳು.

ಅವಳು ಕೆಲಸಕ್ಕೆ ಹೋದಾಗ ಕೆಳಮನೆಯ ಹೊಲಿಗೆಯಾಕೆ ಅಪ್ಪನನ್ನು ನೋಡಿಕೊಳ್ಳುತ್ತಿದ್ದಳು. ಅವಳ ಬಾಯಿಂದ ಪ್ರಾರ್ಥನೆಯ ಸುದ್ದಿ ಹೊರಗೆ ಹೋಯಿತು. ಜನ ಬರತೊಡಗಿದರು. ಮಂಚದ ಸುತ್ತ ಕೂತು, ಅಪ್ಪ ಹೇಳುವುದನ್ನು ಕೇಳಿ, ಮೊಬೈಲಿನಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು. ಒಂದು ಸಂಜೆ ಮಂದಿರದ ಹಿರಿಯರೇ ಬಂದರು. ಹಿಂದೆ ಬಟ್ಟೆ ಅಂಗಡಿ ಇಟ್ಟಿದ್ದವರು, ಇವರ ಹಳೆಯ ಮನೆಯ ಪಕ್ಕದ ಮನೆಯಲ್ಲೇ ಇದ್ದವರು.

"ನೋಡಮ್ಮ, ಎಲ್ಲ ಮರೆತರೂ ದೇವರನ್ನ ಮರೆತಿಲ್ಲ. ಪುಣ್ಯಾತ್ಮ!" ಅಂದರು.

"ನಮ್ಮಮ್ಮನ ಹೆಸರು ಕೇಳಿ ನೋಡಿ."

ಹಿರಿಯರು ಬಗ್ಗಿ, "ತಕ್ಕಡಿಯವರೇ, ನಿಮ್ಮ ಹೆಂಡತಿ ಹೆಸರೇನು?" ಅಂದರು.

ಅಪ್ಪ ಹೊಸ ಮದುಮಗನ ಹಾಗೆ ನಾಚಿ ನಕ್ಕ. "ನಂಗಿನ್ನೂ ಮದುವೆ ಆಗಿಲ್ಲ."

ಕೂತವರೆಲ್ಲ ಗೊಳ್ಳೆಂದು ನಕ್ಕರು. ಒಬ್ಬಾಕೆ, "ಮಗುವಿನ ಮನಸ್ಸು" ಅಂದಳು. ಸೋಪಕ್ಕ ಒಳಗೆ ಹೋಗಿ ನಲ್ಲಿ ತಿರುಗಿಸಿ, ಆ ನಗು ಕೇಳದಷ್ಟು ಜೋರಾಗಿ ನೀರು ಬಿಟ್ಟುಕೊಂಡು ಪಾತ್ರೆ ಉಜ್ಜಿದಳು.

ಹಿರಿಯರು ಹೊರಡುವಾಗ ಹೇಳಿದರು: ಬರುವ ಭಾನುವಾರ ಮಂದಿರದಲ್ಲಿ ಸನ್ಮಾನ. ತಕ್ಕಡಿಯವರನ್ನು ವೇದಿಕೆ ಮೇಲೆ ಕೂರಿಸುತ್ತೇವೆ. ಮಗಳಾಗಿ ನೀನು ನಾಲ್ಕು ಒಳ್ಳೆಯ ಮಾತಾಡಬೇಕು.

ಭಾನುವಾರ ಬೆಳಿಗ್ಗೆ ಅಣ್ಣ ಕಳಿಸಿದ ಹೊಸ ಬಿಳಿ ಅಂಗಿ ಹಾಕಿಸಿದಳು. ಗುಂಡಿ ಹಾಕಿ ಮುಗಿಯುವಷ್ಟರಲ್ಲಿ ಅಪ್ಪ ನಿಂತಲ್ಲೇ ಮಾಡಿಕೊಂಡ. ಬಚ್ಚಲಿಗೆ ಕರೆದೊಯ್ದು, ಬಟ್ಟೆ ಬಿಚ್ಚಿ, ಕುರ್ಚಿಯಲ್ಲಿ ಕೂರಿಸಿ ನೀರು ಹಾಕಿದಳು. ಕಾಲ ಮೇಲೆ ಹಳದಿ ನೀರು ಇಳಿಯುತ್ತಿತ್ತು, ಅಪ್ಪ ಪ್ರಾರ್ಥನೆ ಗುನುಗುತ್ತಿದ್ದ.

"ಅಪ್ಪಾ, ಸ್ವಲ್ಪ ಕೈ ಎತ್ತು."

ಎತ್ತಿದ. ಎತ್ತಿದ ಕೈ ಬೀಸಿ ಅವಳ ಕಿವಿಯ ಮೇಲೆ ಬಿತ್ತು. ಅದೇ ಹೊಡೆತ. ಅಂಗೈ ಮೇಲಿಂದ ಕೆಳಗೆ ಓರೆಯಾಗಿ ಬರುವ, ಅಮ್ಮನ ಬಳೆಗಾಜು ಚೂರಾಗುತ್ತಿದ್ದ ಅದೇ ಹೊಡೆತ. ಕೈ ಏನನ್ನೂ ಮರೆತಿರಲಿಲ್ಲ.

ಸೋಪಕ್ಕನ ಕಣ್ಣು ಕತ್ತಲಿಟ್ಟಿತು. ಚೆಂಬು ಬಿಸಾಡಿ ಅವಳೂ ಕೈ ಎತ್ತಿದಳು.

ಅಪ್ಪ ಕುರ್ಚಿಯಲ್ಲೇ ಮುದುಡಿದ. ಎರಡೂ ತೋಳು ತಲೆಯ ಮೇಲೆ ಕಟ್ಟಿಕೊಂಡು, ಇಂಪಿಲ್ಲದ ಸಣ್ಣ ಪಿಸುದನಿಯಲ್ಲಿ ಹೇಳತೊಡಗಿದ: "ದೇವರೇ, ಇವರ ಕೈ ದಣಿಯಲಿ. ಮಗು ನಿದ್ದೆ ಹೋಗಿರಲಿ. ದೇವರೇ, ಇವರ ಕೈ ದಣಿಯಲಿ. ಮಗು ನಿದ್ದೆ ಹೋಗಿರಲಿ."

ಇದು ಮಂದಿರದ ಪುಸ್ತಕದಲ್ಲಿಲ್ಲ. ಇದು ಅಮ್ಮನದು. ಏಟು ಬೀಳುವಾಗ ಅಮ್ಮ ಕೂಗುತ್ತಿರಲಿಲ್ಲ, ಹೀಗೆ ತೋಳು ಕಟ್ಟಿಕೊಂಡು ಇಷ್ಟನ್ನೇ ಹೇಳುತ್ತಿದ್ದಳು. ಪಕ್ಕದ ಕೋಣೆಯಲ್ಲಿ ನಿದ್ದೆ ಬಂದ ಹಾಗೆ ಕಣ್ಣುಮುಚ್ಚಿ ಮಲಗಿರುತ್ತಿದ್ದ ಮಗು ಸೋಪಕ್ಕ. ಆ ಮಾತು ತಾನೊಬ್ಬಳೇ ಕೇಳಿಸಿಕೊಂಡಿದ್ದೇನೆ, ರೋಷದಲ್ಲಿರುವವನಿಗೆ ಎಲ್ಲಿ ಕೇಳಿಸೀತು ಅಂತ ಅವಳು ಇಷ್ಟು ವರ್ಷ ನಂಬಿದ್ದಳು. ಅಪ್ಪ ಕೇಳಿಸಿಕೊಂಡಿದ್ದ. ಬಾಯಿಪಾಠವಾಗುವಷ್ಟು ಸಲ ಕೇಳಿಸಿಕೊಂಡು, ಆಮೇಲೂ ಹೊಡೆದಿದ್ದ.

ಎತ್ತಿದ ಕೈ ಇಳಿಸಿದಳು. ಬಚ್ಚಲಿನ ಮೂಲೆಗೆ ಬಗ್ಗಿ ವಾಂತಿ ಮಾಡಿಕೊಂಡಳು, ಕರುಳು ಕಿತ್ತು ಬರುವ ಹಾಗೆ. ಆಮೇಲೆ ಅದಕ್ಕೂ ನೀರು ಹಾಕಿ, ಅಪ್ಪನ ಮೈ ಒರೆಸಿ, ಹಳೆಯ ಬಟ್ಟೆ ಹಾಕಿ ಮಂಚದ ಮೇಲೆ ಕೂರಿಸಿದಳು.

ಹತ್ತು ಗಂಟೆಗೆ ಹಿರಿಯರು ಕಾರು ತಂದರು. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಕಳಿಸಲ್ಲ."

"ಯಾಕಮ್ಮ, ಮೈ ಹುಷಾರಿಲ್ವಾ?"

"ಹುಷಾರಾಗಿದ್ದಾರೆ. ಇವರು ನಮ್ಮಮ್ಮನನ್ನ ಜೀವಮಾನವೆಲ್ಲ ಹೊಡೆದವರು. ವೇದಿಕೆ ಮೇಲೆ ಕೂರಿಸ್ತೀರಂದ್ರೆ ನಾನೂ ಬರ್ತೀನಿ, ಮೈಕಿನಲ್ಲಿ ಇದನ್ನೇ ಹೇಳ್ತೀನಿ."

ಹಿರಿಯರು ಮೆಟ್ಟಿಲ ಕಡೆ ನೋಡಿ ದನಿ ತಗ್ಗಿಸಿದರು. "ಹಳೇದೆಲ್ಲ ಈಗ ಯಾಕಮ್ಮ? ಅವರಿಗೇ ನೆನಪಿಲ್ಲ."

"ಅವರಿಗೆ ನೆನಪಿಲ್ಲ ಅಂದ್ರೆ ನಡೆದೇ ಇಲ್ಲ ಅಂತಾನಾ?"

"ಹಾಗಲ್ಲ. ನಮಗೇನು ಗೊತ್ತಿರಲಿಲ್ವಾ? ಒಂದೇ ಗೋಡೆ. ಎಲ್ಲ ಕೇಳಿಸ್ತಿತ್ತು. ಆದ್ರೆ ಗಂಡ ಹೆಂಡಿರ ವಿಷಯ, ಮೂರನೆಯವರು ಏನು ಹೇಳೋಕಾಗುತ್ತೆ?"

ಸೋಪಕ್ಕ ಅವರ ಮುಖವನ್ನೇ ನೋಡಿದಳು. ಚೆನ್ನಾಗಿ ಬೋಳಿಸಿದ ಗಲ್ಲ, ಇಸ್ತ್ರಿ ಹಾಕಿದ ಕಾಲರು, ಮೈಯಿಂದ ಒಳ್ಳೆಯ ಸೋಪಿನ ವಾಸನೆ. ಯಾವ ವಾರ್ಡಿನ ಬಟ್ಟೆಯೂ ಅವಳಿಗೆ ಇಷ್ಟು ಹೇಸಿಗೆ ಹುಟ್ಟಿಸಿರಲಿಲ್ಲ.

"ನೀವು ಇನ್ನು ಈ ಮೆಟ್ಟಿಲು ಹತ್ತಬೇಡಿ" ಅಂದು ಬಾಗಿಲು ಹಾಕಿದಳು.

ಅಪ್ಪ ಇನ್ನೂ ಹದಿನಾಲ್ಕು ತಿಂಗಳು ಬದುಕಿದ. ಹೊತ್ತುಹೊತ್ತಿಗೆ ಊಟ, ಔಷಧಿ, ಒಣಗಿದ ಹಾಸಿಗೆ, ಯಾವುದಕ್ಕೂ ಕೊರತೆ ಮಾಡಲಿಲ್ಲ ಅವಳು. ಪ್ರೀತಿಯಿಂದ ಅಂದುಕೊಳ್ಳಬೇಡಿ. "ಬೆನ್ನಿನಲ್ಲಿ ಹುಣ್ಣಾದ್ರೆ ತೊಳೆಯೋಳು ನಾನೇ ತಾನೆ" ಅಂತ ಹೊಲಿಗೆಯಾಕೆಗೆ ಹೇಳಿದ್ದಳು. ಅಪ್ಪ ಪ್ರಾರ್ಥನೆ ಶುರುಮಾಡಿದರೆ ಎದ್ದು ಆಚೆ ಕೋಣೆಗೆ ಹೋಗುತ್ತಿದ್ದಳು. ಕೊನೆಕೊನೆಗೆ ಮಂದಿರದ ದೊಡ್ಡ ಪ್ರಾರ್ಥನೆಗಳೂ ಒಂದೊಂದಾಗಿ ಉದುರಿದವು. ಉಳಿದದ್ದು ಅಮ್ಮನ ಎರಡು ಸಾಲು. ತುತ್ತು ಇಟ್ಟರೂ ಅದೇ, ಮಗ್ಗುಲು ತಿರುಗಿಸಿದರೂ ಅದೇ. ಪುಸ್ತಕದಲ್ಲಿಲ್ಲದ ಆ ಮಾತು ಯಾರಿಗೂ ಅರ್ಥವಾಗದೆ, ನೋಡಲು ಬರುತ್ತಿದ್ದವರು ಬರುವುದನ್ನು ನಿಲ್ಲಿಸಿದರು. ಅಮ್ಮನದು ಅಂತ ಅವಳಲ್ಲಿ ಉಳಿದಿದ್ದದ್ದು ಆ ದನಿಯೊಂದೇ. ಈಗ ಅದನ್ನು ನೆನೆಸಿಕೊಂಡರೂ ಅಪ್ಪನ ಗೊಗ್ಗರು ಗಂಟಲೇ ಕೇಳುತ್ತಿತ್ತು. ಇದಕ್ಕೆ ಅವಳು ಯಾರನ್ನು ಬೈಯಬೇಕೋ ತಿಳಿಯದೆ, ಒಂದೊಂದು ದಿನ ದೇವರನ್ನೇ ಬೈಯುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಕೆಲಸದಲ್ಲಿದ್ದಾಗ ಅಪ್ಪ ಹೋದ. ಅಣ್ಣ ಓಡಿಬಂದು ಮಂಚದ ಕಾಲು ಹಿಡಿದು ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಕೇಳಿದ, "ಕೊನೇಲಿ ದೇವರ ಹೆಸರು ಬಂತಾ ಬಾಯಲ್ಲಿ?"

"ಬಂತಂತೆ. ಹೊಲಿಗೆಯಾಕೆ ಇದ್ದಳು."

"ಏನಂದ್ರಂತೆ?"

ಸೋಪಕ್ಕ ಹೇಳಿದಳು. ಎರಡೇ ಸಾಲು.

ಅಣ್ಣನ ಮುಖದ ಬಣ್ಣ ಇಳಿಯಿತು. ಅವಳಿಗಿಂತ ಆರು ವರ್ಷ ದೊಡ್ಡವನು, ಅವನೂ ಅದೇ ಕೋಣೆಯಲ್ಲಿ ಮಲಗುತ್ತಿದ್ದವನು. ಅವನಿಗೂ ನಿದ್ದೆ ಬಂದಿರುತ್ತಿರಲಿಲ್ಲ ಅನ್ನುವುದು ಅವಳಿಗೆ ಅವತ್ತೇ ಗೊತ್ತಾದದ್ದು. ಅವನು ಹೊರಗೆ ಹೋಗಿ, ಬೀದಿಯಲ್ಲಿ ಬೆನ್ನು ತಿರುಗಿಸಿ ನಿಂತ. ಅವಳು ಕಿಟಕಿಯಿಂದ ನೋಡಿದಳು, ಕರೆಯಲಿಲ್ಲ.

ಮೂರು ದಿನ ಬಿಟ್ಟು ಬೆಳಗಿನ ಪಾಳಿಗೆ ಹೋದಳು. ಹೊಸ ಹುಡುಗಿಯೊಬ್ಬಳು ಮೂಗಿಗೆ ಸೆರಗು ಒತ್ತಿಕೊಂಡು, "ಅಕ್ಕಾ, ನಿಮಗೆ ಅಸಹ್ಯ ಆಗಲ್ವಾ?" ಅಂತ ಕೇಳಿದಳು.

"ಆಗುತ್ತೆ" ಅಂದಳು ಸೋಪಕ್ಕ. "ಆ ಗಾಡಿ ಈ ಕಡೆ ತಳ್ಳು."